ಮಳೆಗಾಲಕ್ಕೆ ಆರೋಗ್ಯ ಕೇಂದ್ರದ ಸೋಲಾರ್: ದುಡ್ಡು ಎಲ್ಲಿಂದ ತರುವುದು?

ಕೇಳಿದವರು (ಆಸ್ಪತ್ರೆ ಸಮಿತಿ ಸದಸ್ಯ, ಮಂಜೇಶ್ವರ ತಾಲೂಕು, ಕಾಸರಗೋಡು ಜಿಲ್ಲೆ):
ಮಳೆ ಹಿಡಿದರೆ ನಮ್ಮಲ್ಲಿ ಅಡಿಕೆ ಮರ ಲೈನಿನ ಮೇಲೆ, ಗುಡ್ಡ ರಸ್ತೆಯ ಮೇಲೆ. ಜನರೇಟರ್ ಉಂಟು, ಡೀಸೆಲ್ ತರುವ ದಾರಿಯೇ ಬಂದ್. ಕುಟುಂಬ ಆರೋಗ್ಯ ಕೇಂದ್ರಕ್ಕೆ ಸೋಲಾರ್ ಹಾಕಿಸಬೇಕೆಂದಿದ್ದೇವೆ. ಕೇಂದ್ರ ಸರಕಾರದ ಪಿಎಂ ಸೂರ್ಯಘರ್ ಸಬ್ಸಿಡಿ ಸಿಗುತ್ತದಾ? ಇಲ್ಲದಿದ್ದರೆ ಯಾರನ್ನು ಹಿಡಿಯುವುದು?

ಸೋಲಾರ್ ಫಿಟ್ಟಿಂಗ್ ಮಾಡುವವರು, ಉಪ್ಪಳ:
ಸೂರ್ಯಘರ್ ಮನೆಗಳಿಗೆ ಮಾತ್ರ ಮಾರಾಯ್ರೆ. ಹೆಚ್ಚೆಂದರೆ 78,000 ರೂಪಾಯಿ, ಅದೂ ಮನೆಯವರಿಗೆ.

ದುಡ್ಡಿಗಿಂತ ಮೊದಲು ಕೊಟೇಶನ್ ನೋಡಿ. ಬ್ಯಾಟರಿ ಇಲ್ಲದ ಆನ್‌ಗ್ರಿಡ್, ಅಂದರೆ ಕರೆಂಟು ಲೈನಿಗೇ ಜೋಡಿಸಿದ್ದು ಆದರೆ ಲೈನು ಹೋದ ಕೂಡಲೇ ಇನ್ವರ್ಟರೂ ಬಂದ್. ಲೈನ್‌ಮ್ಯಾನ್ ಕಂಬದ ಮೇಲಿರುವಾಗ ಕರೆಂಟು ಹಿಂದಕ್ಕೆ ಹರಿಯಬಾರದಲ್ಲ, ಅದಕ್ಕೆ. ನಮ್ಮ ಪೈವಳಿಕೆಯಲ್ಲಿ 50 ಮೆಗಾವಾಟಿನ ಸೋಲಾರ್ ಪಾರ್ಕೇ ಉಂಟು. ಅದರ ಬೇಲಿಯ ಪಕ್ಕದ ಮನೆಗೂ ಲೈನು ಹೋದರೆ ಕತ್ತಲೆಯೇ. ನಿಮಗೆ ಬೇಕಾದ್ದು ಹೈಬ್ರಿಡ್, ಲೈನಿನ ಜೊತೆ ಬ್ಯಾಟರಿಯೂ ಇರುವಂಥದ್ದು.

ಲೆಕ್ಕ ಹೀಗೆ: 5 ಲೀಟರಿನ ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ಕೊಡುವ ಯಂತ್ರ) ಸುಮಾರು 350 ವಾಟ್ ಎಳೆಯುತ್ತದೆ. ರಾತ್ರಿ 10 ಗಂಟೆ ಓಡಿದರೆ ಮೂರೂವರೆ ಯೂನಿಟ್. ಒಂದು ಕಿಲೋವಾಟ್ ಪ್ಯಾನೆಲ್ ಬೇಸಗೆಯಲ್ಲಿ ದಿನಕ್ಕೆ 4 ಯೂನಿಟ್ ಕೊಟ್ಟೀತು, ಆಟಿಯ (ಜುಲೈ-ಆಗಸ್ಟ್) ಮಳೆಗೆ ಅರ್ಧವೂ ಕಷ್ಟ. ಮಾರುವವರು ಮಾರ್ಚ್ ತಿಂಗಳ ಲೆಕ್ಕ ತೋರಿಸುತ್ತಾರೆ. ನೀವು ಜುಲೈಯದ್ದು ಕೇಳಿ.

ನಿವೃತ್ತ ಪಂಚಾಯತ್ ನೌಕರ, ಬದಿಯಡ್ಕ ಕಡೆ:
ಕೇರಳದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು (ನಿಮ್ಮ ಕುಟುಂಬ ಆರೋಗ್ಯ ಕೇಂದ್ರವೂ ಅದೇ ಸಾಲಿನದ್ದು) ಗ್ರಾಮ ಪಂಚಾಯತಿನ ಕೈಯಲ್ಲಿವೆ. ಹಾಗಾಗಿ ಮೊದಲ ಬಾಗಿಲು ಪಂಚಾಯತೇ. ಗ್ರಾಮಸಭೆಯಲ್ಲಿ ಬರೆಸಿ, ವಾರ್ಷಿಕ ಯೋಜನೆಗೆ ಸೇರಿಸಿ, ಜಿಲ್ಲಾ ಯೋಜನಾ ಸಮಿತಿಯ ಒಪ್ಪಿಗೆ ಪಡೆಯಿರಿ. ಪಂಚಾಯತಿನಿಂದ ಪೂರ್ತಿ ಆಗದಿದ್ದರೆ ಶಾಸಕರ ನಿಧಿ, ಜಿಲ್ಲೆಗೆಂದೇ ರಾಜ್ಯ ಸರಕಾರ ಕೊಡುವ ಕಾಸರಗೋಡು ಅಭಿವೃದ್ಧಿ ಪ್ಯಾಕೇಜ್ ಕೇಳಬಹುದು. ಸಂಸದರ ನಿಧಿಗೆ ವರ್ಷಕ್ಕೆ 5 ಕೋಟಿ ಉಂಟು, ಆದರೆ ಅದು ಊರಿಗೆ ಬಾಳುವ ಆಸ್ತಿ ಮಾಡಿಕೊಡುವ ದುಡ್ಡು. ವರ್ಷವರ್ಷದ ನಿರ್ವಹಣೆಗೆ ಅದನ್ನು ನಂಬಿ ಕೂರಬೇಡಿ. ಸಿಎಸ್‌ಆರ್ ಕೂಡ ಒಂದು ದಾರಿ, ಅಂದರೆ ದೊಡ್ಡ ಕಂಪೆನಿಗಳು ಸಮಾಜದ ಕೆಲಸಕ್ಕೆ ಲಾಭದ ಶೇ. 2 ಕೊಡಬೇಕಾದ ಹಣ. ಕೇಳುವಾಗ ಪ್ಯಾನೆಲ್ ಮಾತ್ರ ಕೇಳಬೇಡಿ, ಐದು ವರ್ಷದ ನಿರ್ವಹಣಾ ಕರಾರನ್ನೂ ಸೇರಿಸಿ ಒಂದೇ ಮೊತ್ತ ಬರೆಯಿರಿ. ಉದ್ಘಾಟನೆಗೆ ಬರುವವರು ಬ್ಯಾಟರಿ ಸತ್ತಾಗ ಬರುವುದಿಲ್ಲ.

ಬೆಂಗಳೂರಿನ ಸೆಲ್ಕೋ ಫೌಂಡೇಶನ್, ಐಕಿಯಾ ಫೌಂಡೇಶನ್ನಿನ ನೆರವಿನಿಂದ ದೇಶದಲ್ಲಿ 25,000 ಆರೋಗ್ಯ ಕೇಂದ್ರಗಳಿಗೆ ಸೋಲಾರ್ ಹಾಕುವ ಗುರಿ ಇಟ್ಟುಕೊಂಡದ್ದು. ಅವರಿಗೂ ಒಂದು ಪತ್ರ ಹಾಕಿ, ಹೋಗುವುದು ಅಂಚೆ ಖರ್ಚು ಮಾತ್ರ.

ಸ್ಟಾಫ್ ನರ್ಸ್:
ಸರ್, ತುರ್ತು ಉಪಕರಣಗಳಿಗೆ ವಯರಿಂಗ್ ಬೇರೆ ಮಾಡಿಸಿ. ನಾನು ಮೊದಲಿದ್ದ ಕಡೆ ನೀರಿನ ಮೋಟಾರು, ಫ್ಯಾನು, ಟಿವಿ ಎಲ್ಲ ಒಂದೇ ಬ್ಯಾಟರಿಗೆ ಕೊಟ್ಟಿದ್ದರು. ಸಂಜೆಯೊಳಗೆ ಖಾಲಿ, ರಾತ್ರಿ ಉಬ್ಬಸದವರಿಗೆ ಔಷಧಿ ಕೊಡುವ ನೆಬ್ಯುಲೈಸರಿಗೆ ಕರೆಂಟು ಇಲ್ಲ. ಲಸಿಕೆ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಅದಕ್ಕೆ ಬ್ಯಾಟರಿಯೇ ಬೇಡದ ಸೋಲಾರ್ ಫ್ರಿಜ್ ಬರುತ್ತದೆ, ಪ್ಯಾನೆಲ್‌ನಿಂದ ನೇರ ಓಡಿ ತಂಪನ್ನು ಹಿಡಿದಿಡುವಂಥದ್ದು. ಅದನ್ನು ಪ್ರತ್ಯೇಕ ಕೇಳಿದರೆ ಉಳಿದ ಬ್ಯಾಟರಿ ಸಣ್ಣದಾಗುತ್ತದೆ, ಎಸ್ಟಿಮೇಟೂ ಇಳಿಯುತ್ತದೆ. ಮತ್ತೆ, ಬ್ಯಾಟರಿ ನೆಲದ ಮೇಲೆ ಇಡಬೇಡಿ, ನೆರೆ ನೀರು ಹೊಕ್ಕರೆ ಕಥೆ ಮುಗಿಯಿತು.

ಕೇಳಿದವರು:
ಉಪಕಾರ ಅಕ್ಕ. ಬ್ಯಾಟರಿ ಬದಲಿಸುವ ದುಡ್ಡಿಗೆ ಎಂತ ಮಾಡುವುದು?

ಸೋಲಾರ್ ಫಿಟ್ಟಿಂಗ್ ಮಾಡುವವರು, ಉಪ್ಪಳ:
ಲೆಡ್ ಆಸಿಡ್ ಆದರೆ ನಾಲ್ಕೈದು ವರ್ಷ, ಡಿಸ್ಟಿಲ್ಡ್ ವಾಟರ್ ಹಾಕಲಿಕ್ಕೂ ಜನ ಬೇಕು. ಲಿಥಿಯಂಗೆ ಮೊದಲು ಹೆಚ್ಚು ಕೊಟ್ಟರೂ ಎರಡನೇ ಸಲ ಬೇಡುವ ಕೆಲಸ ಬೇಗ ಬರುವುದಿಲ್ಲ.

ನಿವೃತ್ತ ಪಂಚಾಯತ್ ನೌಕರ:
ಕರೆಂಟು ಬಿಲ್ಲಿನಲ್ಲಿ ಉಳಿಯುವುದನ್ನು ಬೇರೆ ಖಾತೆಗೆ ಹಾಕಲು ಸಮಿತಿಯಲ್ಲಿ ಈಗಲೇ ನಿರ್ಣಯ ಮಾಡಿ. ಪ್ಯಾನೆಲ್ ಬಂದ ಮೇಲೆ ಆ ಹಣಕ್ಕೆ ಬೇರೆ ಖರ್ಚು ಹುಟ್ಟಿಕೊಳ್ಳುತ್ತದೆ.