ಮೀಟಿಂಗ್‌ನಲ್ಲಿ ‘ಹಾಯ್’ ಅಂದರು, ಕೆಲಸ ಮಾತ್ರ ಶುರುವೇ ಆಗಿಲ್ಲ

ಪ್ರಶ್ನೆ (ಬೆಂಗಳೂರು):
ನಾನು ಬ್ಯಾಟರಿ ಸಂಶೋಧನೆ ತಂಡ ನೋಡಿಕೊಳ್ಳುತ್ತೇನೆ. ಇಲ್ಲಿ ಆರು ಜನ, ಯೊಕೊಹಾಮಾದಲ್ಲಿ ನಾಲ್ವರು, ಸ್ಟುಟ್‌ಗಾರ್ಟ್‌ನಲ್ಲಿ ಮೂವರು. ಸೆಲ್‌ಗಳನ್ನು 45 ಡಿಗ್ರಿಯಲ್ಲಿ ಟೆಸ್ಟ್ ಮಾಡೋಣ ಅಂತ ಮೀಟಿಂಗ್‌ನಲ್ಲಿ ಹೇಳಿದೆ. ಜಪಾನಿನವರು ‘ಹಾಯ್, ಹಾಯ್’ (ಅವರ ಭಾಷೆಯಲ್ಲಿ ‘ಹೌದು’) ಅಂತ ತಲೆಯಾಡಿಸಿದರು. ಮೂರು ವಾರ ಬಿಟ್ಟು ಕೇಳಿದರೆ ಶುರುವೇ ಆಗಿಲ್ಲ. ಅದೇ ಮೀಟಿಂಗ್‌ನಲ್ಲಿ ಜರ್ಮನಿಯವರೊಬ್ಬರು ನಮ್ಮ ಹೊಸ ಹುಡುಗಿಗೆ ‘ಈ ಗ್ರಾಫ್ ತಪ್ಪು’ ಅಂತ ಎಲ್ಲರೆದುರು ಹೇಳಿಬಿಟ್ಟರು. ಅವತ್ತಿನಿಂದ ಅವಳು ಕಾಲ್‌ನಲ್ಲಿ ಬಾಯಿ ಬಿಟ್ಟಿಲ್ಲ. ಒಳ್ಳೇ ಹುಡುಗಿ, ಕೆಲಸದಲ್ಲಿ ಚುರುಕು. ನನಗೆ ಸಂಕಟವಾಗುತ್ತಿದೆ. ಏನು ಮಾಡಲಿ?

ಉತ್ತರ (ಮೈಸೂರು, ಮೊದಲು ಜಪಾನಿನಲ್ಲಿದ್ದೆ):
ಆ ‘ಹಾಯ್’ಗೆ ಎಷ್ಟೋ ಸಲ ‘ಕೇಳಿಸಿಕೊಳ್ಳುತ್ತಿದ್ದೇನೆ’ ಅಂತಷ್ಟೇ ಅರ್ಥ. ನಾವೂ ‘ಆಯ್ತು ಸರ್’ ಅಂತೀವಲ್ವಾ, ಹಾಗೇ. ‘ಚೊತ್ತೊ...’ ಅಂತ ರಾಗ ಎಳೆದರೆ ಆಗಲ್ಲ ಅಂತ ತಿಳಿಯಿರಿ. ಅಲ್ಲಿ ನೆಮವಾಶಿ ಅನ್ನುವ ಪದ್ಧತಿ ಇದೆ. ಮರವನ್ನು ಬೇರೆ ಕಡೆ ನೆಡುವ ಮುಂಚೆ ಬೇರಿನ ಸುತ್ತ ಅಗೆದು ಹದ ಮಾಡುತ್ತಾರೆ, ಆ ಮಾತಿನಿಂದ ಬಂದದ್ದು. ಮೀಟಿಂಗ್‌ಗೆ ಮೊದಲೇ ಒಬ್ಬೊಬ್ಬರ ಹತ್ತಿರ ಮಾತಾಡಿ. ಹಿರಿಯರಿಂದ ಶುರು ಮಾಡಿ. ಮೀಟಿಂಗ್‌ನಲ್ಲೇ ಹೊಸ ವಿಷಯ ತೆಗೆದರೆ ಅವರಿಗೆ ಇರುಸುಮುರುಸು.

ಉತ್ತರ (ಸ್ಟುಟ್‌ಗಾರ್ಟ್‌ನಿಂದ):
‘ಗ್ರಾಫ್ ತಪ್ಪು’ ಅಂದರೆ ಗ್ರಾಫ್ ಮಾತ್ರ ತಪ್ಪು. ಬಂದ ಹೊಸತರಲ್ಲಿ ನಾನೂ ಇದೇ ಮಾತಿಗೆ ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದೆ. ಮಾರನೇ ದಿನ ಅದೇ ಮನುಷ್ಯ ಊಟಕ್ಕೆ ಕರೆದರು. ಇದನ್ನು ಆ ಹುಡುಗಿಗೆ ಹೇಳಿ. ಆ ಜರ್ಮನಿಯವರಿಗೂ ಹೇಳಿ: ತಪ್ಪು ಕಂಡರೆ ಹಿಂದಿನ ದಿನವೇ ಬರೆದು ಕಳಿಸಲಿ. ನೇರವಾಗಿ ಹೇಳಿದರೆ ಖಂಡಿತ ಬೇಜಾರು ಮಾಡಿಕೊಳ್ಳಲ್ಲ. ಇನ್ನೊಂದು ವಿಷಯ, ಮೀಟಿಂಗ್ ಎಷ್ಟು ಗಂಟೆಗೆ? ನಿಮ್ಮ ಮಧ್ಯಾಹ್ನ 12:30 ಅಂದರೆ ಯೊಕೊಹಾಮಾದಲ್ಲಿ ಸಂಜೆ 4. ನಮಗೆ ಬೇಸಿಗೆಯಲ್ಲಿ ಬೆಳಿಗ್ಗೆ 9, ಅಕ್ಟೋಬರ್ ಕೊನೆಯ ಭಾನುವಾರದಿಂದ 8. ಅದಕ್ಕಿಂತ ಬೇಗ ಬೇಡ ಮಾರಾಯ್ರೆ, ಮಕ್ಕಳನ್ನು ಸ್ಕೂಲಿಗೆ ಬಿಡಬೇಕು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಯೊಕೊಹಾಮಾದ ಹಿರಿಯರಿಗೆ ನಿನ್ನೆ ಒಬ್ಬರಿಗೇ ಫೋನ್ ಮಾಡಿದೆ. ಅವರ ಹತ್ತಿರ ಇರುವುದು ಒಂದೇ ಟೆಸ್ಟ್ ಚೇಂಬರ್, ತಿಂಗಳ ಕೊನೆವರೆಗೂ ಬೇರೆ ಪ್ರಾಜೆಕ್ಟ್‌ಗೆ ಕೊಟ್ಟಿದ್ದಾರೆ. ನಾನು ಕೇಳಿರಲೇ ಇಲ್ಲ. ಅರ್ಧದಷ್ಟು ಸೆಲ್‌ಗಳನ್ನು ಇಲ್ಲೇ ಟೆಸ್ಟ್ ಮಾಡಲು ಈಗ ಒಪ್ಪಿಕೊಂಡೆವು. ಗ್ರಾಫ್ ವಿಷಯ ಸೋಮವಾರ ಇಬ್ಬರನ್ನೂ ಕೂರಿಸಿ ಮಾತಾಡುತ್ತೇನೆ.