ಸಹಾಯ ಬೇಕು: 8 ತಿಂಗಳ ನಂತರ ಒಮ್ಮೆ ಕುಡಿದೆ, ಹೆಂಡತಿಗೆ ಹೇಗೆ ಹೇಳಲಿ?

ನಾನು ಇಳಕಲ್‌ನಲ್ಲಿ ಸೀರೆ ನೇಯುತ್ತೇನೆ. 11 ವರ್ಷ ಕುಡಿದವನು, 8 ತಿಂಗಳು ಒಂದು ಹನಿ ಮುಟ್ಟಿರಲಿಲ್ಲ. ಬನಶಂಕರಿ ಜಾತ್ರೆಯಲ್ಲಿ ರಾತ್ರಿ ನಾಟಕ ನೋಡಿ ಹೊರಗೆ ಬಂದಾಗ ಹಳೇ ಗೆಳೆಯ ಗ್ಲಾಸು ಕೈಗಿಟ್ಟ. ಕುಡಿದುಬಿಟ್ಟೆ.

ಮರುದಿನದಿಂದ ಮತ್ತೆ ಬಿಟ್ಟಿದ್ದೇನೆ, ಇವತ್ತಿಗೆ 12 ದಿನ. 14416ಕ್ಕೆ, ಅದೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದರು, ದುಡ್ಡೂ ಇಲ್ಲ. ಒಮ್ಮೆ ಜಾರಿದರೆ ಎಲ್ಲಾ ಮುಗಿಯಿತು ಅಂತಲ್ಲ ಎಂದರು. ಸ್ವಲ್ಪ ಹಗುರಾಯಿತು. ಸಂಜೆ ಏಳಕ್ಕೆ ಆಸೆ ಜಾಸ್ತಿ, ಆಗ ಮಗ್ಗ ಬಿಟ್ಟು ಏಳುವುದೇ ಇಲ್ಲ.

ಆದರೆ ಹೆಂಡತಿ ಕ್ಯಾಲೆಂಡರ್‌ನಲ್ಲಿ ದಿನಾ ಒಂದು ಕುಂಕುಮದ ಬೊಟ್ಟು ಇಡುತ್ತಾಳೆ. ಆ ದಿನದ ಮೇಲೂ ಇಟ್ಟಿದ್ದಾಳೆ. ಅದನ್ನು ನೋಡಿದಾಗೆಲ್ಲ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ. ಹೇಳಿದರೆ ತವರಿಗೆ ಹೋದಾಳು ಎಂಬ ಭಯ, ಹಿಂದೆ ಒಮ್ಮೆ ಹೋಗಿದ್ದಳು. ಹೇಳದಿದ್ದರೆ ಮುಚ್ಚಿಡುವ ಹಳೇ ಚಟ ಮತ್ತೆ ಶುರು, ಅಲ್ವಾ? ನನ್ನ ಕುಡಿತ ಬೆಳೆದಿದ್ದೇ ಹಾಗೆ.

ಕುಡಿತ ಬಿಟ್ಟವರು, ಅವರ ಮನೆಯವರು ದಯವಿಟ್ಟು ಹೇಳಿ. ಇಂಥದ್ದನ್ನು ನೀವು ಮನೆಯಲ್ಲಿ ಹೇಳಿದಿರಾ? ಹೇಳಿದ್ದರೆ ಯಾವ ಮಾತಿನಿಂದ ಶುರು ಮಾಡಿದಿರಿ?