ಹಾಲಿನ ಚಿಲ್ಲರ್‌ಗೆ ಫ್ರಿಜ್ಜಿನ ಕಂಪ್ರೆಸರ್ ಹಾಕಿದ್ದೇನೆ, ಅರ್ಧ ಗಂಟೆಗೆ ನಿಲ್ಲುತ್ತಿದೆ

ಪ್ರಶ್ನೆ, ತೀರ್ಥಹಳ್ಳಿ ಕಡೆಯಿಂದ

ಎಲ್ಲರಿಗೂ ನಮಸ್ಕಾರ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಸಂಜೆ ಹಾಲನ್ನು ಡೈರಿಗೆ ಒಯ್ಯಲು ಆಗುವುದಿಲ್ಲ. 30 ಲೀಟರ್ ಹಾಲು, ಬೆಳಿಗ್ಗೆ ಕಾಯಿಸಿದರೆ ಒಡೆದುಹೋಗುತ್ತದೆ. ಹೋದ ವರ್ಷ ಎಷ್ಟೋ ದಿನ ಚೆಲ್ಲಿದ್ದೇವೆ. ಈ ಸಲ ಮಳೆ ಹಿಡಿಯುವ ಮೊದಲೇ ಚಿಲ್ಲರ್ ಮಾಡಿಕೊಳ್ಳಬೇಕು ಅಂತ ಕೂತಿದ್ದೇನೆ. ಥರ್ಮೋಕೋಲ್ ಸುತ್ತಿದ ತೊಟ್ಟಿ, ಒಳಗೆ ನೀರು, ನೀರಲ್ಲಿ ತಾಮ್ರದ ಕಾಯಿಲ್, ನಡುವೆ ಹಾಲಿನ ಕ್ಯಾನ್. ಕಂಪ್ರೆಸರ್ ಹಳೇ 165 ಲೀಟರ್ ಫ್ರಿಜ್ಜಿಂದು, 1/8 ಎಚ್‌ಪಿ, ಆರ್134ಎ ಗ್ಯಾಸ್.

ಅರ್ಧ ಗಂಟೆ ಚೆನ್ನಾಗಿ ಓಡುತ್ತದೆ. ಆಮೇಲೆ ಮೈ ಮುಟ್ಟಲಾಗದಷ್ಟು ಬಿಸಿ. ಟಿಕ್ ಅಂತ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಗುಂಯ್ ಅನ್ನುತ್ತದೆ, ಮತ್ತೆ ಟಿಕ್. ಮೂರು ಗಂಟೆ ಆದರೂ ಹಾಲು 25 ಡಿಗ್ರಿ. ಗ್ಯಾಸ್ ಕಮ್ಮಿಯಾ? 1/6 ಹಾಕಲಾ, 1/4 ಹಾಕಲಾ?

ಉತ್ತರ, ಸಾಗರದಿಂದ (ಫ್ರಿಜ್ ರಿಪೇರಿ ಕೆಲಸ)

ಎಚ್‌ಪಿ ವಿಷಯ ಆಮೇಲೆ ನೋಡೋಣ. ಚಾಲೂ ಮಾಡಿದ ಹತ್ತು ನಿಮಿಷಕ್ಕೆ ಸಕ್ಷನ್ ಕಡೆ, ಅಂದರೆ ಕಂಪ್ರೆಸರ್ ಗ್ಯಾಸ್ ಎಳೆದುಕೊಳ್ಳುವ ಕಡೆ, ಪ್ರೆಶರ್ ಗೇಜ್ ಎಷ್ಟು ತೋರಿಸುತ್ತದೆ? ಕ್ಲ್ಯಾಂಪ್ ಮೀಟರಲ್ಲಿ ಎಷ್ಟು ಆಂಪಿಯರ್? ಕಂಪ್ರೆಸರ್ ಪ್ಲೇಟಲ್ಲಿ ಎಷ್ಟು ಬರೆದಿದೆ?

ತೀರ್ಥಹಳ್ಳಿಯಿಂದ

ಗ್ಯಾಸ್ ತುಂಬಿದವರನ್ನೇ ಕರೆಸಿ ನೋಡಿದೆ ಅಣ್ಣಾ. ಗೇಜ್ 35 ಪಿಎಸ್ಐ. ಪ್ಲೇಟಲ್ಲಿ 1 ಆಂಪಿಯರ್ ಇದೆ, ಮೀಟರಲ್ಲಿ 1.6 ಬರುತ್ತಿದೆ.

ಸಾಗರದಿಂದ

ಹಾಗಾದರೆ ಗ್ಯಾಸ್ ಕಮ್ಮಿ ಇಲ್ಲ. ಕಂಪ್ರೆಸರ್ ಜಾತಿಯೇ ಬೇರೆ. ಫ್ರಿಜ್ಜಿಂದು ಲೋ ಬ್ಯಾಕ್ ಪ್ರೆಶರ್ ಕಂಪ್ರೆಸರ್. ಫ್ರೀಜರ್ ಕಾಯಿಲ್ ಮೈನಸ್ 23 ಡಿಗ್ರಿ ಆಸುಪಾಸು ಇದ್ದಾಗ ಸಕ್ಷನ್ ಬರೀ 2 ಪಿಎಸ್ಐ. ತೆಳ್ಳಗಿನ ಗ್ಯಾಸ್ ಎಳೆಯಲಿಕ್ಕೆ ಅಂತಲೇ ಅದರ ಮೋಟಾರು ಮಾಡಿರುತ್ತಾರೆ. ನೀವು ಬೆಚ್ಚಗಿನ ನೀರಲ್ಲಿ ಕಾಯಿಲ್ ಇಟ್ಟಿದ್ದೀರಿ, 35 ಪಿಎಸ್ಐನ ದಟ್ಟ ಗ್ಯಾಸ್ ಬರುತ್ತಿದೆ. ಒಂದೊಂದು ಸಲ ಒತ್ತುವಾಗಲೂ ಹತ್ತಾರು ಪಟ್ಟು ಅಲ್ಲದಿದ್ದರೂ ಎರಡು ಪಟ್ಟಿಗಿಂತ ಜಾಸ್ತಿ ಗ್ಯಾಸ್ ಒಳಗೆ ಹೋಗುತ್ತದೆ. ಮೋಟಾರು ಏದುಸಿರು ಬಿಡುತ್ತದೆ, ಓವರ್‌ಲೋಡ್ ಸ್ವಿಚ್ ಟ್ರಿಪ್ ಆಗಿ ಟಿಕ್ ಅಂತ ಕರೆಂಟ್ ಕಡಿಯುತ್ತದೆ. ಇದೇ ಜಾತಿಯ 1/6 ಹಾಕಿದರೂ ಅದೇ ಕಥೆ.

ನಿಮಗೆ ಬೇಕಾದ್ದು ಹೈ ಬ್ಯಾಕ್ ಪ್ರೆಶರ್ ಕಂಪ್ರೆಸರ್, ಅಂದರೆ ವಾಟರ್ ಕೂಲರ್‌ಗೆ ಹಾಕುವಂಥದ್ದು.

ಈಗ ಲೆಕ್ಕ. 30 ಲೀಟರ್ ಹಾಲನ್ನು 35ರಿಂದ 5 ಡಿಗ್ರಿಗೆ ಇಳಿಸಲು ಸುಮಾರು 1 ಯೂನಿಟ್‌ನಷ್ಟು, ಅಂದರೆ ಸಾವಿರ ವ್ಯಾಟ್ ಒಂದು ಗಂಟೆ ಓಡಿದಷ್ಟು, ಶಾಖ ತೆಗೆಯಬೇಕು. ಮೂರು ಗಂಟೆಯಲ್ಲಿ ಆಗಬೇಕೆಂದರೆ ಬಿಡುವಿಲ್ಲದೆ 330 ವ್ಯಾಟ್. ಆದರೆ ನಮ್ಮ ಕಡೆ ಮಳೆಗಾಲದಲ್ಲಿ ಸಂಜೆ ಮೂರು ಗಂಟೆ ಕರೆಂಟ್ ಇರುತ್ತದೆ ಅಂತ ನಂಬಲಾಗುತ್ತದಾ? ಅದಕ್ಕೇ ಹೇಳುವುದು, ಕಾಯಿಲ್ ಸುತ್ತ ಐಸ್ ಕಟ್ಟಿಸಿ. ಕರೆಂಟ್ ಇದ್ದಾಗಲೆಲ್ಲ ಐಸ್ ಕಟ್ಟುತ್ತಿರಲಿ, ಸಂಜೆ ಕ್ಯಾನ್ ಇಳಿಸಿದಾಗ ಅದು ಕರಗಿ ಹಾಲು ತಂಪಾಗಲಿ. ಆ 1 ಯೂನಿಟ್‌ಗೆ 11 ಕೆಜಿ ಐಸ್ ಸಾಕು.

ಒಂದು ಮಾತು ನೆನಪಿಡಿ. ವಾಟರ್ ಕೂಲರ್ ಕಂಪ್ರೆಸರ್ ಎಷ್ಟು ವ್ಯಾಟ್ ತಂಪು ಮಾಡುತ್ತದೆ ಅಂತ ಕಂಪನಿಯವರು ಹೇಳುವುದು 7 ಡಿಗ್ರಿಯ ಕಾಯಿಲ್‌ಗೆ. ಐಸ್ ಕಟ್ಟಲು ಕಾಯಿಲ್ ಮೈನಸ್ 10ಕ್ಕೆ ಇಳಿದರೆ ಅರ್ಧಕ್ಕಿಂತ ಕೆಳಗೆ ಬರುತ್ತದೆ. 600 ವ್ಯಾಟ್ ಅಂತ ಇದ್ದರೆ 250 ಅಂತ ಹಿಡಿಯಿರಿ. ನೀರು ಒಮ್ಮೆ ತಣ್ಣಗಾದ ಮೇಲೆ ಅಷ್ಟು ಐಸ್‌ಗೆ ನಾಲ್ಕೈದು ಗಂಟೆ. ಕೊಳ್ಳುವಾಗ ಮೈನಸ್ 10ಕ್ಕೂ ಓಡುತ್ತದಾ ಅಂತ ಕೇಳಿ. ಆರ್134ಎ ಕಂಪ್ರೆಸರನ್ನೇ ತನ್ನಿ. ಹೊಸ ಫ್ರಿಜ್ಜುಗಳ ಆರ್600ಎ ಇದಕ್ಕೆ ಹೊಂದುವುದಿಲ್ಲ, ಅದು ಹೊತ್ತಿಕೊಳ್ಳುವ ಗ್ಯಾಸ್ ಬೇರೆ. ಹೊಸ ಕಂಪ್ರೆಸರಿನ ರಬ್ಬರ್ ಬಿರಡೆ ಮಾತ್ರ ಮೊದಲೇ ಕೀಳಬೇಡಿ. ಒಳಗಿನ ಎಣ್ಣೆ ಗಾಳಿಯ ತೇವ ಹೀರುತ್ತದೆ, ನಮ್ಮ ಗಾಳಿಯ ಕಥೆ ಗೊತ್ತಲ್ವಾ.

ಉತ್ತರ, ಹೊಸನಗರದಿಂದ

ಆ ಗುಂಯ್ ಶಬ್ದಕ್ಕೆ ವೋಲ್ಟೇಜೂ ಕಾರಣ ಇರಬಹುದು. ನಮ್ಮಲ್ಲಿ ಅಡಿಕೆ ಸುಲಿಯುವ ಮಷಿನ್ ಹಾಕಿದರೆ 170ಕ್ಕೆ ಇಳಿಯುತ್ತದೆ. ಕ್ಯಾಪಿಲರಿ (ಗ್ಯಾಸ್ ಹೋಗುವ ಬಹಳ ತೆಳು ಕೊಳವೆ) ಹಾಕಿದ ಸಿಸ್ಟಮ್ ನಿಂತ ಮೇಲೆ ಎರಡೂ ಕಡೆ ಪ್ರೆಶರ್ ಸಮ ಆಗಲು ಐದು ನಿಮಿಷ ಬೇಕು. ಕರೆಂಟ್ ಕಣ್ಣು ಮಿಟುಕಿಸಿ ಬಂದರೆ ಮೋಟಾರು ಏಳುವುದಿಲ್ಲ. ಟೈಮ್ ಡಿಲೇ ಇರುವ ಸ್ಟೆಬಿಲೈಜರ್ ಹಾಕಿ.

ಮತ್ತೆ ಮಾರಾಯ್ರೆ, ನಿಮ್ಮಲ್ಲಿ ಅಬ್ಬಿ ನೀರು ಇಲ್ವಾ? ಗುಡ್ಡದಿಂದ ಪೈಪಲ್ಲಿ ಸುಮ್ನೆ ಬಂದು ಹರಿದುಹೋಗುವ ನೀರು. ಕರೆದ ಕೂಡಲೇ ಕ್ಯಾನನ್ನು ಅದರಡಿ ಇಟ್ಟು ಹಾಲು ತಿರುಗಿಸುತ್ತಿದ್ದರೆ 24ಕ್ಕೆ ಬರುತ್ತದೆ. ಮೂರರಲ್ಲೊಂದು ಪಾಲು ಕೆಲಸ ಕರೆಂಟಿಲ್ಲದೆ ಮುಗಿಯಿತು. 11 ಕೆಜಿ ಐಸ್ ಬೇಕಿದ್ದಲ್ಲಿ 7 ಸಾಕು.

ತೀರ್ಥಹಳ್ಳಿಯಿಂದ, ಮೂರು ವಾರದ ಮೇಲೆ

ಶಿವಮೊಗ್ಗದಿಂದ 1/4 ಎಚ್‌ಪಿ ವಾಟರ್ ಕೂಲರ್ ಕಂಪ್ರೆಸರ್ ತಂದು ಹಾಕಿಸಿದೆ. ಕಂಡೆನ್ಸರ್‌ಗೆ (ಶಾಖ ಹೊರಗೆ ಬಿಡುವ ಕಾಯಿಲ್) ಫ್ಯಾನ್, ಐದು ನಿಮಿಷದ ಡಿಲೇ ಎರಡೂ ಇವೆ. ಕಂಪ್ರೆಸರ್ ಬಿಸಿಯಾಗುತ್ತದೆ, ಆದರೆ ನಿಲ್ಲುವುದಿಲ್ಲ. ನಿನ್ನೆ ಮಧ್ಯಾಹ್ನ ಮುಚ್ಚಳ ತೆಗೆದರೆ ಕಾಯಿಲ್ ಸುತ್ತ ಎರಡು ಬೆರಳು ದಪ್ಪ ಐಸ್, ಒಳಗೆ ತಾಮ್ರ ಮಸುಕಾಗಿ ಕಾಣುತ್ತಿತ್ತು. ಅಬ್ಬಿ ನೀರಲ್ಲಿ ಇಟ್ಟು, ಆಮೇಲೆ ತೊಟ್ಟಿಗೆ ಇಳಿಸಿದೆ. ಎರಡೂವರೆ ಗಂಟೆಗೆ ಹಾಲು 7 ಡಿಗ್ರಿ! ನೀರು ತಿರುಗಿಸಲು ಕೂಲರ್‌ನ ಸಣ್ಣ ಪಂಪ್ ಹಾಕಲಾ?

ಸಾಗರದಿಂದ

ಬಹಳ ಖುಷಿಯಾಯಿತು. ಪಂಪ್ ಹಾಕಿ, ಇನ್ನೂ ಬೇಗ ಇಳಿಯುತ್ತದೆ. ಆದರೆ ಕೊಟ್ಟಿಗೆ ನೆಲ ಒದ್ದೆ, ಮೊದಲು ಅರ್ಥಿಂಗ್ ನೋಡಿಸಿ, 30 ಮಿಲಿ ಆಂಪಿಯರಿನ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಹಾಕಿಸಿ. ಅಲ್ಲಿಯ ತನಕ ಕ್ಯಾನ್ ಎತ್ತುವಾಗ ಪ್ಲಗ್ ಕಿತ್ತೇ ನೀರಿಗೆ ಕೈ ಹಾಕಿ. ಮನೆಯವರಿಗೂ ಹೇಳಿಡಿ.